ಸಂತಾನಚಿಕಿತ್ಸೆಯ ಪ್ರಸಾರ: ದೌಂಡದಿಂದ ಕಂಡ ದೇಶದ ಚಿತ್ರ

ಪುಣೆಯ ಪೂರ್ವಕ್ಕೆ ಸುಮಾರು 75 ಕಿಲೋಮೀಟರ್ ದೂರದಲ್ಲಿ, ಭೀಮಾನದಿಯ ದಡದ ಮೇಲಿರುವ ದೌಂಡವು ಕನ್ನಡಿಗರಿಗೆ ಅಪರಿಚಿತವಾದ ಊರಲ್ಲ. ಮುಂಬಯಿಯಿಂದ ಹೊರಟ ರೈಲುಮಾರ್ಗವು 1871ರಲ್ಲಿ ರಾಯಚೂರನ್ನು ಮುಟ್ಟಿದಂದಿನಿಂದ, ಕಲಬುರಗಿ ವಾಡಿಗಳ ಕಡೆಯಿಂದ ಉದ್ಯೋಗವನ್ನರಸಿ ಪಶ್ಚಿಮಕ್ಕೆ ಬಂದವರೆಲ್ಲರೂ ಈ ಕೂಡುನಿಲ್ದಾಣವನ್ನು ಹಾದುಬಂದವರೇ. ಊರನ್ನು ಸವರಿ ಹರಿಯುವ ಭೀಮೆಯೂ ಪಂಢರಪುರವನ್ನು ದಾಟಿ, ವಿಜಯಪುರ ಕಲಬುರಗಿ ಜಿಲ್ಲೆಗಳ ನೆಲವನ್ನು ತೋಯಿಸಿ, ಕೊನೆಗೆ ಕೃಷ್ಣೆಯನ್ನು ಕೂಡುತ್ತದೆ.

ಇಂಥ ಊರಿನಲ್ಲಿ ಮದುವೆಯಾಗಿ ನಾಲ್ಕಾರು ವರುಷ ಕಳೆದರೂ ತೊಟ್ಟಿಲು ಕಟ್ಟದ ಮನೆಗೆ ಹಿಂದೆ ತೋರುತ್ತಿದ್ದ ದಾರಿಗಳು ಎರಡು. ಒಂದು, ತುಳಜಾಪುರಕ್ಕೋ ಪಂಢರಪುರಕ್ಕೋ ಹೊತ್ತ ಹರಕೆ; ಇನ್ನೊಂದು, ಗಂಡನಿಗೆ ಎರಡನೆಯ ಮದುವೆ. ಈಗ ಮೂರನೆಯ ದಾರಿಯೊಂದು ತೆರೆದಿದೆ. ಅದು ಬೆಳಗಿನ ರೈಲಿನಲ್ಲಿ ಪುಣೆಯ ಚಿಕಿತ್ಸಾಲಯಕ್ಕೆ ಹೋಗುವ ದಾರಿ. ಈ ದಾರಿ ಹೇಗೆ ತೆರೆಯಿತು, ಅದರಲ್ಲಿ ಯಾರು ನಡೆಯಬಲ್ಲರು, ಎಲ್ಲಿ ಎಡವುತ್ತಾರೆ ಎಂಬ ವಿಚಾರವು ಇಂದು ದೇಶದ ಎಲ್ಲ ಪ್ರಾಂತಗಳಿಗೂ ಸಂಬಂಧಿಸಿದುದಾಗಿದೆ.

ಭಾರತದ ಜನಸಂಖ್ಯಾನೀತಿಯು ಬಹುಕಾಲ ಹೆಚ್ಚು ಹುಟ್ಟಿನ ಭಯದಿಂದಲೇ ರೂಪುಗೊಂಡಿತು. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರಕಾರವು ತನ್ನ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಯಿತ್ತು, ಜಗತ್ತಿಗೇ ಮೊದಲಿಗನೆನಿಸಿತು. 1952ರಲ್ಲಿ ಕುಟುಂಬಯೋಜನೆಯು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಅದರ ಫಲ ಅಂಕಿಗಳಲ್ಲಿ ಸ್ಪಷ್ಟವಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಸ್ತ್ರೀಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ 1992-93ರಲ್ಲಿ 3.4 ಇದ್ದದ್ದು 2019-21ರಲ್ಲಿ 2.0ಕ್ಕೆ ಇಳಿಯಿತು. ಕರ್ನಾಟಕ ಮಹಾರಾಷ್ಟ್ರಗಳೆರಡರಲ್ಲಿಯೂ ಅದು 1.7 ಮಾತ್ರ. ಆದರೆ ಬೇಡದ ಮಗುವನ್ನು ತಡೆಯುವ ವಿದ್ಯೆಗೆ ಸಿಕ್ಕ ರಾಜಾಶ್ರಯವು, ಬೇಕಾದ ಮಗುವನ್ನು ಪಡೆಯುವ ವಿದ್ಯೆಗೆ ಸಿಗಲಿಲ್ಲ. ಜನ ಹೆಚ್ಚಿರುವ ದೇಶದಲ್ಲಿ ಬಂಜೆತನವೂ ಒಂದು ಸಮಸ್ಯೆಯೇ ಎಂಬ ಪ್ರಶ್ನೆಯೇ ಇದಕ್ಕೆ ಅಡ್ಡಬಂದಿತು. 2007-08ರ ಜಿಲ್ಲಾಮಟ್ಟದ ಕುಟುಂಬ ಸಮೀಕ್ಷೆಯಲ್ಲಿ ವಿವಾಹಿತ ಸ್ತ್ರೀಯರ ಪೈಕಿ ನೂರಕ್ಕೆ ಎಂಟರಷ್ಟು ಮಂದಿ ಈ ತೊಂದರೆಯನ್ನು ಹೇಳಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ, ಜಗತ್ತಿನ ವಯಸ್ಕರಲ್ಲಿ ಆರಕ್ಕೊಬ್ಬರು ಜೀವಿತದ ಒಂದಲ್ಲ ಒಂದು ಕಾಲದಲ್ಲಿ ಇದನ್ನು ಅನುಭವಿಸುತ್ತಾರೆಂದು ಅಂದಾಜು ಮಾಡಿತು.

ಚಿಕಿತ್ಸೆಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬಹುದು. ಸಾಮಾನ್ಯ ತೊಂದರೆಗಳಿಗೆ ಮಾತ್ರೆಗಳಿಂದ ಅಂಡೋತ್ಪತ್ತಿಯನ್ನು ಸರಿಪಡಿಸುವುದು, ಶುದ್ಧಗೊಳಿಸಿದ ವೀರ್ಯವನ್ನು ಗರ್ಭಾಶಯದೊಳಕ್ಕೆ ಸೇರಿಸುವುದು ಮೊದಲಾದ ಸುಲಭೋಪಾಯಗಳುಂಟು. ಗರ್ಭನಾಳಗಳು ಮುಚ್ಚಿಹೋಗಿದ್ದರೆ, ಇಲ್ಲವೆ ಬೇರೆ ಉಪಾಯಗಳು ಫಲಿಸದಿದ್ದರೆ, ಪ್ರನಾಳ ಶಿಶುವಿನ ವಿಧಾನ ಬೇಕಾಗುತ್ತದೆ. ಸುಮಾರು ಹತ್ತು ಹನ್ನೆರಡು ದಿನ ಚುಚ್ಚುಮದ್ದು ಕೊಟ್ಟು ಹಲವು ಅಂಡಗಳನ್ನು ಬೆಳೆಸಿ, ಸೂಜಿಯಿಂದ ಹೊರತೆಗೆದು, ಪ್ರಯೋಗಶಾಲೆಯಲ್ಲಿ ವೀರ್ಯಾಣುಗಳೊಡನೆ ಕೂಡಿಸಿ, ಮೂರರಿಂದ ಐದು ದಿನ ಬೆಳೆದ ಭ್ರೂಣವನ್ನು ಗರ್ಭಾಶಯದಲ್ಲಿರಿಸುತ್ತಾರೆ. ವೀರ್ಯಾಣುಗಳು ತೀರ ಕಡಿಮೆಯಿದ್ದಲ್ಲಿ ಒಂದೇ ವೀರ್ಯಾಣುವನ್ನು ಅಂಡದೊಳಕ್ಕೆ ಚುಚ್ಚಿ ಸೇರಿಸುವ ಕ್ರಮವು 1992ರಲ್ಲಿ ಬೆಲ್ಜಿಯಮ್ಮಿನಲ್ಲಿ ಸಿದ್ಧಿಸಿತು.

ಈ ವಿದ್ಯೆಯ ಇತಿಹಾಸದಲ್ಲಿ ಭಾರತದ ಪಾತ್ರ ಹೆಮ್ಮೆಯದೂ ಹೌದು, ನಾಚಿಕೆಯದೂ ಹೌದು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಜನಿಸಿದಳು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ, ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ, ದುರ್ಗಾ ಎಂದು ಪ್ರಸಿದ್ಧಳಾದ ಕೂಸು ಹುಟ್ಟಿತು. ಸರಕಾರ ನೇಮಿಸಿದ ಸಮಿತಿಯು ಅವರ ಮಾತನ್ನು ನಂಬಲಿಲ್ಲ. ಅವರನ್ನು ಸಂಬಂಧವಿಲ್ಲದ ನೇತ್ರಚಿಕಿತ್ಸಾ ಸಂಸ್ಥೆಗೆ ವರ್ಗಮಾಡಲಾಯಿತು. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ. ಸಿ. ಆನಂದಕುಮಾರ್ ಅವರ ಶ್ರಮದಿಂದ ಹುಟ್ಟಿದ ಮಗುವೇ ದೇಶದ ಮೊದಲ ಪ್ರನಾಳ ಶಿಶುವೆಂದು ದಾಖಲಾಯಿತು. ಮುಂದೆ ಬೆಂಗಳೂರಿನಲ್ಲಿ ನೆಲಸಿದ ಆನಂದಕುಮಾರರು ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗರೆಂಬ ಕೀರ್ತಿ ತಮಗಲ್ಲದೆ ಅವರಿಗೇ ಸಲ್ಲತಕ್ಕದ್ದೆಂದು 1997ರಲ್ಲಿ ಸಾರಿದರು. ತನಗೆ ಬಂದ ಕೀರ್ತಿಯನ್ನು ತಾನೇ ಹಿಂದಿರುಗಿಸಿದ ಇಂಥ ಉದಾಹರಣೆ ವಿಜ್ಞಾನದ ಇತಿಹಾಸದಲ್ಲಿ ವಿರಳ.

ಆಮೇಲಿನ ಬೆಳವಣಿಗೆಯೆಲ್ಲ ಬಹುಮಟ್ಟಿಗೆ ಖಾಸಗಿ ಕ್ಷೇತ್ರದಲ್ಲಿಯೇ ನಡೆಯಿತು. ಮೊದಲು ಮುಂಬಯಿ, ದಿಲ್ಲಿ, ಬೆಂಗಳೂರುಗಳಲ್ಲಿದ್ದ ಚಿಕಿತ್ಸಾಲಯಗಳು ಪುಣೆ, ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರಗಳಿಗೂ ಹಬ್ಬಿದವು. ವಿವಾಹದ ವಯಸ್ಸು ಏರಿದ್ದು, ಸ್ತ್ರೀಯರ ವಿದ್ಯೆ ಉದ್ಯೋಗಗಳು ಬೆಳೆದದ್ದು, ಒಂದೆರಡೇ ಮಕ್ಕಳ ಸಂಸಾರದಲ್ಲಿ ಆ ಒಂದು ಮಗುವಿನ ಬೆಲೆ ಹೆಚ್ಚಿದ್ದು ಇದಕ್ಕೆ ಕಾರಣಗಳು. ಇದರೊಡನೆ ಭಾರತಕ್ಕೆ ವಿಶಿಷ್ಟವಾದ ಇನ್ನೊಂದು ಕಾರಣವುಂಟು. ಅದು ಜನನಾಂಗಗಳ ಕ್ಷಯ. ಸದ್ದಿಲ್ಲದೆ ಗರ್ಭನಾಳಗಳನ್ನು ಕೆಡಿಸುವ ಈ ರೋಗವನ್ನು ಮೊದಲೇ ಗುರುತಿಸಿ ವಾಸಿಮಾಡಿದರೆ ಎಷ್ಟೋ ಸ್ತ್ರೀಯರಿಗೆ ದುಬಾರಿ ಚಿಕಿತ್ಸೆಯೇ ಬೇಕಾಗದು.

ವೆಚ್ಚವೇ ಇಲ್ಲಿಯ ಕಠಿಣ ಪ್ರಶ್ನೆ. ಖಾಸಗಿ ಚಿಕಿತ್ಸಾಲಯದಲ್ಲಿ ಒಂದು ಆವರ್ತನಕ್ಕೆ ಸಾಮಾನ್ಯವಾಗಿ ಒಂದೂವರೆ ಎರಡು ಲಕ್ಷ ರೂಪಾಯಿಗಳು ತಗಲುತ್ತವೆ. ಅಷ್ಟು ಕೊಟ್ಟರೂ ಫಲ ಖಚಿತವಲ್ಲ. ಮೂವತ್ತೈದು ದಾಟಿದ ಮೇಲೆ ಸ್ತ್ರೀಯ ಸ್ವಂತ ಅಂಡಗಳಿಂದ ಯಶಸ್ಸು ಇಳಿಯತೊಡಗಿ, ನಲವತ್ತರ ನಂತರ ತೀವ್ರವಾಗಿ ಕುಸಿಯುತ್ತದೆ. ಗೋವೆಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ 2023ರಲ್ಲಿ ಉಚಿತ ಚಿಕಿತ್ಸೆ ಆರಂಭವಾದುದು ಒಂದು ಶುಭಾರಂಭ. ದೌಂಡದ ಸುತ್ತಣ ಕಬ್ಬಿನ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಉಂಟು. ಬೀಡ ಜಿಲ್ಲೆಯಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಕಬ್ಬು ಕಡಿಯಲು ಬರುವ ಸ್ತ್ರೀಯರಲ್ಲಿ ಸಾವಿರಾರು ಮಂದಿ ಚಿಕ್ಕ ವಯಸ್ಸಿನಲ್ಲಿಯೇ ಗರ್ಭಕೋಶ ತೆಗೆಸಿಕೊಂಡ ಸಂಗತಿ 2019ರಲ್ಲಿ ಬೆಳಕಿಗೆ ಬಂದಿತು. ಗರ್ಭ ನಿಲ್ಲಲೆಂದು ಲಕ್ಷಗಟ್ಟಲೆ ತೆರುವ ಪುಣೆಗೂ, ಕೂಲಿ ತಪ್ಪಬಾರದೆಂದು ಗರ್ಭಕೋಶವನ್ನೇ ಕಳೆದುಕೊಳ್ಳುವ ಗದ್ದೆಗೂ ನಡುವೆ ಕೆಲವೇ ಗಂಟೆಗಳ ಹಾದಿ.

ಬಹುಕಾಲ ಮಾರ್ಗದರ್ಶಿ ಸೂಚನೆಗಳಲ್ಲಿಯೇ ನಡೆದ ಈ ವೃತ್ತಿಗೆ 2021ರಲ್ಲಿ ಕಾಯಿದೆಯಾಗಿ, 2022ರ ಜನವರಿ 25ರಿಂದ ಜಾರಿಗೆ ಬಂದಿತು. ಅದರಂತೆ ಪ್ರತಿಯೊಂದು ಚಿಕಿತ್ಸಾಲಯವೂ ನೋಂದಾಯಿತವಾಗಿರಬೇಕು. ಚಿಕಿತ್ಸೆ ಪಡೆಯುವ ಸ್ತ್ರೀಯ ವಯಸ್ಸು 21ರಿಂದ 50ರೊಳಗೆ, ಪುರುಷನದು 21ರಿಂದ 55ರೊಳಗೆ ಇರಬೇಕು. ಅಂಡದಾನವನ್ನು ಒಬ್ಬ ಸ್ತ್ರೀ ಜೀವಿತದಲ್ಲಿ ಒಮ್ಮೆ ಮಾತ್ರ ಮಾಡಬಹುದು. ಗಂಡು ಹೆಣ್ಣುಗಳ ಆಯ್ಕೆ ಅಪರಾಧ. ಪುಣೆಗೆ ಹೊರಡುವವರು ಜಾಹೀರಾತಿನ ಮಗುವಿನ ಚಿತ್ರವನ್ನು ನೋಡುವುದಕ್ಕಿಂತ ಮೊದಲು ನೋಂದಣಿಯ ಪತ್ರವನ್ನು ಕೇಳಿ ನೋಡುವುದು ಲೇಸು.

ಕಾಯಿದೆಯು ತಿದ್ದಲಾರದ ದೋಷವೊಂದು ಭಾಷೆಯಲ್ಲಿ ಉಳಿದಿದೆ. ‘ಬಂಜೆ’ ಎಂಬ ಪದ ಕನ್ನಡದಲ್ಲಿ ಹೆಂಗಸಿಗೆ ಮಾತ್ರ ಸಲ್ಲುತ್ತದೆ; ಮಕ್ಕಳಿಲ್ಲದ ಗಂಡಸಿಗೆ ಅಂಥ ನಿಂದೆಯ ಪದ ರೂಢಿಯಲ್ಲಿಲ್ಲ. ಆದರೆ ವೈದ್ಯಶಾಸ್ತ್ರದ ಪ್ರಕಾರ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ದೋಷವು ಪೂರ್ಣವಾಗಿಯೋ ಅಂಶತಃವೋ ಕಾರಣವಾಗಿರುತ್ತದೆ. ಗಂಡಸಿನ ಪರೀಕ್ಷೆ ಕೆಲವು ನೂರು ರೂಪಾಯಿಗಳಲ್ಲಿ ಒಂದೇ ದಿನ ಮುಗಿಯುವಂಥದು; ಆದರೂ ಹೆಂಡತಿಯು ಹರಕೆ, ಕಷಾಯ, ಶಸ್ತ್ರಕ್ರಿಯೆಗಳಲ್ಲಿ ವರ್ಷಗಳನ್ನು ಕಳೆದ ಬಳಿಕವೇ ಗಂಡನ ಸರದಿ ಬರುವುದು ಸಾಮಾನ್ಯ. ಕಳೆದ ಆ ವರ್ಷಗಳನ್ನು ಯಾವ ಚಿಕಿತ್ಸೆಯೂ ಮರಳಿ ತರಲಾರದು. ಒಂದು ವರ್ಷ ಕಾದು, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳು ಕಾದು, ದಂಪತಿಗಳಿಬ್ಬರೂ ಕೂಡಿಯೇ ವೈದ್ಯರಲ್ಲಿಗೆ ಹೋಗಬೇಕೆಂಬುದು ಶಾಸ್ತ್ರದ ಮತ. ದೌಂಡದ ನಿಲ್ದಾಣದಲ್ಲಿ ಆ ದಿನ ಕೊಳ್ಳಬೇಕಾದ ಟಿಕೆಟ್ಟುಗಳು ಎರಡು.