ಓದಿ ನೇಯುವ ಶಾಲು

ಶ್ರೀನಗರಕ್ಕೆ ಸಮೀಪದಲ್ಲಿ ಕಾನಿಹಾಮಾ ಎಂಬ ಹಳ್ಳಿಯುಂಟು. ಅಲ್ಲಿ ಮಗ್ಗದ ಮುಂದೆ ಕುಳಿತ ನೇಕಾರನ ಎದುರಿಗೆ ಹೂವಿನ ಚಿತ್ರವಿರುವುದಿಲ್ಲ. ಸಂಕೇತಗಳನ್ನು ಬರೆದ ಒಂದು ಕಾಗದವಿರುತ್ತದೆ. ಅದಕ್ಕೆ ತಾಲೀಮು ಎಂದು ಹೆಸರು. ನಾವು ಗರಡಿಗೂ ನಾಟಕದ ಅಭ್ಯಾಸಕ್ಕೂ ಹಚ್ಚಿಕೊಂಡಿರುವ ಮಾತೇ ಇದು. ಅರಬ್ಬಿಯಲ್ಲಿ ಬೋಧನೆ ಎಂದರ್ಥ. ಇಷ್ಟು ಎಳೆಗೆ ಕೆಂಪು, ಮುಂದಿನ ಇಷ್ಟಕ್ಕೆ ಹಸಿರು ಎಂದು ಸಾಲುಸಾಲಾಗಿ ಅದರಲ್ಲಿ ಬರೆದಿರುತ್ತದೆ. ಒಬ್ಬನು ಅದನ್ನು ರಾಗವಾಗಿ ಓದುವುದೂ, ನೇಯುವವರು ಕೇಳಿಕೊಂಡು ಎಳೆ ಹಾಕುವುದೂ ಹಿಂದಿನಿಂದ ಬಂದ ಪದ್ಧತಿ. ಹೂಬಳ್ಳಿಯ ಭಾಗಕ್ಕೆ ಲಾಳಿಯಿಲ್ಲ. ಬಣ್ಣದ ನೂಲು ಸುತ್ತಿದ ಸಣ್ಣ ಮರದ ಕಡ್ಡಿಗಳೇ ಹಾಸಿನ ನಡುವೆ ಹೊಕ್ಕನ್ನು ಹೊಗಿಸುತ್ತವೆ, ಅವೇ ಕಾನಿ. ದಿನವೆಲ್ಲ ದುಡಿದರೂ ಬಟ್ಟೆ ಬೆಳೆಯುವುದು ಬೆರಳೆಣಿಕೆಯ ಅಂಗುಲ. ತುಂಬು ಕೆಲಸದ ಒಂದು ಶಾಲಿಗೆ ವರ್ಷವೂ ಸಾಲದೆ ಹೋಗುವುದುಂಟು. ಅಷ್ಟು ಕಾಲವೂ ಶಾಲಿನ ಹಿಂಬದಿಯೇ ನೇಕಾರನ ಕಡೆಗಿರುತ್ತದೆ.

ನೂಲಿನ ಮೂಲ ಕಣಿವೆಯಲ್ಲಿಲ್ಲ, ಲಡಾಖಿನ ಚಾಂಗ್‌ಥಾಂಗಿನಲ್ಲಿದೆ. 4,000 ಮೀಟರಿಗೂ ಎತ್ತರದ ಆ ಬಯಲಿನಲ್ಲಿ ಮೇಕೆಯ ಒರಟು ಕೂದಲಿನ ಕೆಳಗೆ, ಚಳಿಯನ್ನು ತಡೆಯಲೆಂದು, ಒಂದು ಮೃದುವಾದ ಉಣ್ಣೆ ಬೆಳೆಯುತ್ತದೆ. ಚಳಿಗಾಲ ಕಳೆದ ಮೇಲೆ ಅಲೆಮಾರಿ ಚಾಂಗ್ಪಾ ಜನ ಅದನ್ನು ಬಾಚಿ ತೆಗೆಯುತ್ತಾರೆ. ಮೇಕೆಯ ಜೀವಕ್ಕೆ ಅಪಾಯವಿಲ್ಲ. ಉಂಗುರದೊಳಗೆ ತೂರುವ ಶಾಲೆಂದು ಕೊಂಡಾಡುವ ಶಹತೂಷಿನ ಕಥೆ ಬೇರೆ: ಅದಕ್ಕಾಗಿ ಚಿರು ಎಂಬ ಹುಲ್ಲೆಯನ್ನು ಕೊಲ್ಲಲೇಬೇಕು. ಅದರ ಮಾರಾಟ ಇಂದು ನಿಷಿದ್ಧ. ಆ ಹೊಗಳಿಕೆಯನ್ನೂ ನಾವು ಮರೆಯುವುದು ಲೇಸು.

ಈ ಶಾಲಿನ ಬೆಲೆಯನ್ನು ಅರಸರು ಚೆನ್ನಾಗಿ ಬಲ್ಲವರಾಗಿದ್ದರು. 1846ರ ಅಮೃತಸರದ ಒಪ್ಪಂದದಲ್ಲಿ ಮಹಾರಾಜ ಗುಲಾಬ್ ಸಿಂಗನು ಬ್ರಿಟಿಷರಿಗೆ ವರ್ಷವರ್ಷವೂ ಒಪ್ಪಿಸಬೇಕಾದ ಕಾಣಿಕೆ ಏನು ಗೊತ್ತೇ? ಒಂದು ಕುದುರೆ, 12 ಮೇಕೆ, 3 ಜೊತೆ ಕಾಶ್ಮೀರಿ ಶಾಲು. ನೇಯ್ದವನ ಪಾಲಿಗೆ ಉಳಿದದ್ದು ಮಾತ್ರ ಅತ್ಯಲ್ಪ. ದಾಗ್‌ಶಾಲ್ ಎಂಬ ಸುಂಕದ ಕಚೇರಿ ಶಾಲಿಗೆ ಮುದ್ರೆಯೊತ್ತಿ ತೆರಿಗೆ ಎತ್ತುತ್ತಿತ್ತು. ಕಸುಬನ್ನು ಬಿಡುವ ಸ್ವಾತಂತ್ರ್ಯವೂ ನೇಕಾರನಿಗಿರಲಿಲ್ಲ. 1865ರ ಏಪ್ರಿಲ್ 29ರಂದು ಶ್ರೀನಗರದ ಜಾಲ್‌ಡಗರ್‌ನಲ್ಲಿ ಅವರು ಗುಂಪುಗೂಡಿ ಪ್ರತಿಭಟಿಸಿದರು. ಸೈನಿಕರು ಅಟ್ಟಿದಾಗ ನೀರಿಗೆ ಬಿದ್ದು 28 ಮಂದಿ ಸತ್ತರೆಂದು ಹೇಳುತ್ತಾರೆ. ಶಾಲನ್ನು ಬಣ್ಣಿಸುವ ಗ್ರಂಥಗಳಲ್ಲಿ ಈ ಸಾವುಗಳಿಗೆ ಸಿಕ್ಕುವ ಜಾಗ ಬಲು ಕಡಿಮೆ.

ಅಷ್ಟರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಯಂತ್ರದ ಮಗ್ಗಗಳು ಇದೇ ಬಾಗುಗೊಂಡೆಯ ಬಳ್ಳಿಯನ್ನು ಅಗ್ಗವಾಗಿ ನೇಯತೊಡಗಿದ್ದವು; ವಿನ್ಯಾಸಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿ ಫ್ರೆಂಚ್ ಪೇಟೆ ಮುಚ್ಚಿತು. 1877ರಿಂದ ಕಣಿವೆಯಲ್ಲಿ ಕ್ಷಾಮ. ಮಗ್ಗಗಳು ಬರಿದಾದವು.

ವಿದ್ಯೆ ಪೂರ್ತಿ ಅಳಿಯಲಿಲ್ಲ. 2008ರಲ್ಲಿ ಕಾನಿ ಶಾಲಿಗೂ ಕಾಶ್ಮೀರದ ಪಶ್ಮೀನಾಕ್ಕೂ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. 2019ರಿಂದ ಮೇಕೆಯ ನಾಡೂ ಮಗ್ಗದ ನಾಡೂ ಬೇರೆಬೇರೆ ಕೇಂದ್ರಾಡಳಿತ ಪ್ರದೇಶಗಳು. ಯಂತ್ರದ ನಕಲು ಈಗ ದೇಶದ ಒಳಗೇ ತಯಾರಾಗುತ್ತದೆ. ಬಲ್ಲವರು ಕೊಳ್ಳುವ ಮುನ್ನ ಶಾಲನ್ನು ಮಗುಚಿ ನೋಡುತ್ತಾರೆ. ಯಂತ್ರದ್ದಾದರೆ ಹಿಂದೆ ಕತ್ತರಿಸಿದ ಎಳೆಗಳ ತುದಿಗಳು ಕಾಣುತ್ತವೆ. ಕೈಯದಾದರೆ, ನೇಕಾರ ವರ್ಷವಿಡೀ ನೋಡುತ್ತ ಕುಳಿತ ಆ ಬದಿಯಲ್ಲೂ ಹೂ ಅಚ್ಚುಕಟ್ಟಾಗಿ ನಿಂತಿರುತ್ತದೆ.