ಬಾಜೀರಾವ್ ರಸ್ತೆಯ ತೇಗದ ಮುಖಮಂಟಪ

ಪುಣೆಯ ತುಳಶಿಬಾಗ್ ಪೇಟೆಗೆ ಪಾತ್ರೆ, ಬಳೆ, ಸೀರೆ ಕೊಳ್ಳಲು ಹೋಗುವವರು ಬಾಜೀರಾವ್ ರಸ್ತೆಯಲ್ಲಿ ಒಂದು ಕ್ಷಣ ನಿಂತು ತಲೆಯೆತ್ತಬೇಕು. ಎದುರಿಗೇ ವಿಶ್ರಾಮಬಾಗ್ ವಾಡೆ. ರಸ್ತೆಯ ಕಡೆಗೆ ಚಾಚಿಕೊಂಡ ಮೇಲುಪ್ಪರಿಗೆಯ ಮೊಗಸಾಲೆ ಪೂರ್ತಿ ಮರದ್ದು, ಮರವೆಲ್ಲ ಕೆತ್ತನೆ.

ಪೇಶ್ವೆ ಎರಡನೇ ಬಾಜೀರಾಯ ಇದನ್ನು ಕಟ್ಟಿಸಿದ್ದು 19ನೆಯ ಶತಮಾನದ ಮೊದಲ ದಶಕದಲ್ಲಿ. ಪೇಶ್ವೆಗಳ ಅರಮನೆ ಶನಿವಾರವಾಡೆ ಬಿಟ್ಟು, ತನ್ನ ವಾಸಕ್ಕೆಂದು ಕಟ್ಟಿಸಿದ ಮನೆ. ತಗಲಿದ ಖರ್ಚು ಎರಡು ಲಕ್ಷ ರೂಪಾಯಿ ಎನ್ನುತ್ತಾರೆ. ಕಂಬಗಳನ್ನು ಹತ್ತಿರದಿಂದ ನೋಡಿ. ಇವಕ್ಕೆ ಸುರು ಕಂಬ ಎಂದು ಹೆಸರು. ಸುರು ಮರದಂತೆ ಬುಡದಲ್ಲಿ ತುಂಬಿಕೊಂಡು ಮೇಲೇರುತ್ತ ಸಣ್ಣಗಾಗುತ್ತವೆ. ಮೈತುಂಬ ಎಲೆಯ ಪದರಗಳು. ತೊಲೆಯ ಕೆಳಗೆ ಬಾಳೆಮೂತಿ ತಲೆಕೆಳಗಾಗಿ ಇಳಿಬಿದ್ದಿದೆ, ಅದರ ಒಂದೊಂದು ದಳದ ಅಂಚೂ ಬೇರೆಯಾಗಿ ಕಾಣುತ್ತದೆ. ಜಮಖಂಡಿ, ಬೆಳಗಾವಿ ಕಡೆಯ ಹಳೆಯ ವಾಡೆಗಳಲ್ಲಿ ಬೆಳೆದವರಿಗೆ ಈ ಕೆಲಸ ಹೊಸದೇನಲ್ಲ. ಆದರೆ ಇಷ್ಟು ಉದ್ದಕ್ಕೆ, ಇಷ್ಟು ಧೈರ್ಯದಿಂದ ಬೀದಿಗೆ ಮುಖಮಾಡಿ ನಿಂತದ್ದು ಅಪರೂಪ.

ಈ ಮರದ ಮುಂದೆ ನಿಂತರೆ ನನಗೆ ಕಡಲು ನೆನಪಾಗುತ್ತದೆ. ತೇಗ ಬರೀ ಮನೆಯ ಮರವಲ್ಲ, ಪಶ್ಚಿಮ ಕರಾವಳಿಯ ಹಡಗುಗಳ ಮರವೂ ಹೌದು. ಎಣ್ಣೆಯ ಅಂಶವಿರುವ ಈ ಮರ ಉಪ್ಪುನೀರಿಗೆ ಬೇಗ ಸೋಲುವುದಿಲ್ಲ. ಹಾಯಿಹಡಗು ಕಟ್ಟುವವರು ನೀರಿನೊಳಗಿನ ಹಲಗೆಯನ್ನು ನುಣ್ಣಗೆ ಬಿಟ್ಟು, ನೀರಿನಿಂದ ಮೇಲಿನ ಮೂತಿ ಮತ್ತು ಹಿಂಭಾಗದ ಹಲಗೆಗಳಲ್ಲಿ ತಮ್ಮ ಕಲೆ ತೋರಿಸುತ್ತಿದ್ದರು. ಕಚ್ಛದ ಮಾಂಡ್ವಿಯ ಕೋಟಿಯಾ ಹಡಗಿನ ಮೂತಿಗೆ ಗಿಳಿಯ ತಲೆ. ಅರಬ್ಬಿ ಸಮುದ್ರದ ಬಗಲಾ ಹಡಗಿನ ಹಿಂಬದಿಯಲ್ಲಿ ಸಾಲು ಕಿಟಕಿ, ಸುತ್ತ ಹೂಬಳ್ಳಿ. ಉಳಿ, ಕೊಡತಿಯ ಕಸುಬು ಮನೆಗೂ ಹಡಗಿಗೂ ಒಂದೇ.

ಪುಣೆಗೂ ಹಡಗುಗಳಿದ್ದವು. ಪೇಶ್ವೆಗಳ ನೌಕಾದಂಡು ವಿಜಯದುರ್ಗದಲ್ಲಿತ್ತು, ಅದರ ಸರದಾರ ಆನಂದರಾವ್ ಧುಳಪ್ 1783ರಲ್ಲಿ ಇಂಗ್ಲಿಷರ ರೇಂಜರ್ ಹಡಗನ್ನೇ ಹಿಡಿದ. ಆದರೆ ಅದಕ್ಕೂ ಮೊದಲು, 1756ರ ಫೆಬ್ರುವರಿಯಲ್ಲಿ, ಅದೇ ವಿಜಯದುರ್ಗದಲ್ಲಿ ಮರಾಠರದೇ ನೌಕಾಸರದಾರ ತುಳಾಜಿ ಆಂಗ್ರೆಯ ಹಡಗುಗಳು ಸುಟ್ಟುಹೋದವು. ಇಂಗ್ಲಿಷರ ದಾಳಿಯಲ್ಲಿ ಒಂದು ಹಡಗಿಗೆ ಹತ್ತಿದ ಬೆಂಕಿ ಇಡೀ ದಂಡಿಗೆ ಹಬ್ಬಿತು. ಆ ದಾಳಿಗೆ ಕೈಜೋಡಿಸಿದ್ದು ಪೇಶ್ವೆ ನಾನಾಸಾಹೇಬ. ಮನೆಜಗಳ ತೀರಿಸಲು ಹೋಗಿ ಕಡಲನ್ನೇ ಬಿಟ್ಟುಕೊಟ್ಟ ಆ ನಡೆ ಮರಾಠರ ಇತಿಹಾಸದ ದೊಡ್ಡ ತಪ್ಪು ಎಂದೇ ನನ್ನ ಎಣಿಕೆ. ಆ ಕಾಲದ ಮರಗೆಲಸ ನೋಡಬೇಕೆಂದರೆ ಇಂದು ನಾವು ಬಂದರಿಗಲ್ಲ, ವಾಡೆಗಳಿಗೇ ಬರಬೇಕು.

ವಾಡೆಗಳಿಗೂ ಬೆಂಕಿ ತಪ್ಪಲಿಲ್ಲ. ಶನಿವಾರವಾಡೆಯ ಒಳಗಿನ ಮರದ ಮಹಲುಗಳು 1828ರಲ್ಲಿ ಬೂದಿಯಾದವು. ಈಗ ಅಲ್ಲಿ ಉಳಿದಿರುವುದು ಕೋಟೆಗೋಡೆ, ಬಾಗಿಲು, ಅಡಿಪಾಯ. 1879ರಲ್ಲಿ ಬುಧವಾರವಾಡೆ ನಾಶವಾಯಿತು. ಅದೇ ಸಲ ಹಚ್ಚಿದ ಬೆಂಕಿ ವಿಶ್ರಾಮಬಾಗ್‌ನ ಒಂದು ಭಾಗವನ್ನೂ ತಿಂದಿತು. ಊರಿನವರು ವಂತಿಗೆ ಎತ್ತಿ ಅದನ್ನು ಮತ್ತೆ ನಿಲ್ಲಿಸಿದರು. ನಡುವೆ ಈ ಕಟ್ಟಡ ಏನೇನೋ ಆಗಿತ್ತು. 1821ರಲ್ಲಿ ಇಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು, ಮುಂದೆ ಡೆಕ್ಕನ್ ಕಾಲೇಜಾಗಿ ಬೆಳೆದದ್ದು ಅದೇ. ಪುರಸಭೆಯ ಕಚೇರಿಯೂ ಇಲ್ಲಿತ್ತು.

ಇದೇ ರಸ್ತೆಯಲ್ಲಿ ಇನ್ನೂ ಸ್ವಲ್ಪ ನಡೆದರೆ ರಾಜಾ ದಿನಕರ ಕೇಳಕರ್ ವಸ್ತುಸಂಗ್ರಹಾಲಯ. ತೀರಿಕೊಂಡ ಪುಟ್ಟ ಮಗ ರಾಜಾನ ಹೆಸರಿನಲ್ಲಿ ಕವಿ ದಿನಕರ ಕೇಳಕರ್ ಊರೂರು ಅಲೆದು ಕೂಡಿಸಿದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಸ್ತುಗಳ ಭಂಡಾರ ಅದು. ಕೆತ್ತನೆಯ ಬಾಗಿಲುಗಳು, ಕಿಟಕಿಗಳು ಅಲ್ಲಿ ಕಣ್ಣಿನ ಮಟ್ಟದಲ್ಲೇ ಸಿಗುತ್ತವೆ. ಉಳಿಯ ಗುರುತು ಕಾಣಬೇಕೆನ್ನುವವರು ವಾಡೆಯಿಂದ ನೇರ ಅಲ್ಲಿಗೆ ಹೋಗಲಿ.

ಕಡಲಿನ ಕೆತ್ತನೆ ನಮ್ಮ ಕಡೆ ಈಚೆಗೆ ಮತ್ತೆ ಕಾಣಿಸಿಕೊಂಡಿದೆ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು. ಅದರ ಮೂತಿಯಲ್ಲಿ ಸಿಂಹಯಾಳಿ, ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಸಾಗರ, ಸೊರಬದ ಗುಡಿಗಾರರ ಉಳಿಗೆ ಇಂಥ ಕೆಲಸ ಇನ್ನಷ್ಟು ಸಿಗಲಿ.

ಪುಣೆಗೆ ಹೋಗುವ ಕನ್ನಡಿಗರು ಶನಿವಾರವಾಡೆ ನೋಡಿ ವಾಪಸಾಗಬೇಡಿ. ಮೆಟ್ರೋದಲ್ಲಿ ಮಂಡಯಿ ನಿಲ್ದಾಣದಲ್ಲಿ ಇಳಿದರೆ ವಿಶ್ರಾಮಬಾಗ್ ನಡೆದುಹೋಗುವಷ್ಟು ಹತ್ತಿರ. ಮುಖಮಂಟಪ ರಸ್ತೆಗೇ ಇರುವುದರಿಂದ, ಅದನ್ನು ನೋಡಲು ಟಿಕೆಟ್ಟೂ ಬೇಕಿಲ್ಲ.