ಬಿ.ಪಿ. ಗುಳಿಗೆ ನಡುವೆ ಯಾಕೆ ನಿಲ್ಲುತ್ತದೆ?



ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಿಂದ ಕಾಲೇಜಿಗೆ ಬರುವ ನಮ್ಮಲ್ಲಿ ಹಲವರ ಮನೆಯಲ್ಲಿ ಬಿ.ಪಿ. ಇರುವವರು ಒಬ್ಬರಾದರೂ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು ನಾಲ್ವರಿಗೊಬ್ಬರಿಗೆ ರಕ್ತದೊತ್ತಡ ಹೆಚ್ಚಿದೆ, ಇಲ್ಲವೇ ಅವರು ಅದಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಈ ಕಾಯಿಲೆಗೆ ಒಳ್ಳೆಯ ಗುಳಿಗೆಗಳಿವೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೂ ಸಿಗುತ್ತವೆ. ಆದರೂ ಲಕ್ವಾ ಹೊಡೆದು ಹಾಸಿಗೆ ಹಿಡಿದವರನ್ನು ನಾವು ಊರೂರಲ್ಲಿ ನೋಡುತ್ತೇವೆ. ವಿಚಾರಿಸಿದಾಗ ಎಷ್ಟೋ ಸಲ ಸಿಗುವ ಉತ್ತರ ಒಂದೇ: "ಗುಳಿಗಿ ಬಿಟ್ಟಿದ್ರು."

ಯಾಕೆ ಬಿಡುತ್ತಾರೆ? ಮೊದಲನೆಯ ಕಾರಣ, ಈ ಕಾಯಿಲೆ ನೋಯುವುದಿಲ್ಲ. ಸಾಮಾನ್ಯವಾಗಿ 140/90 ಅಥವಾ ಅದಕ್ಕಿಂತ ಹೆಚ್ಚು ಒತ್ತಡ ಬೇರೆ ಬೇರೆ ದಿನ ಅಳೆದಾಗಲೂ ಕಂಡರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನಪಿಸಿಕೊಳ್ಳಿ. ನೀರಿನ ರಭಸ ಹೆಚ್ಚಾದರೆ ದಂಡೆ ಒಳಗೊಳಗೇ ಕೊರೆಯುತ್ತದೆ. ಒಡೆಯುವ ದಿನದವರೆಗೆ ಮೇಲೆ ನಿಂತವರಿಗೆ ಏನೂ ಕಾಣುವುದಿಲ್ಲ. ರಕ್ತನಾಳಗಳ ಕಥೆಯೂ ಹೀಗೆಯೇ. ಮಿದುಳು, ಹೃದಯ, ಮೂತ್ರಪಿಂಡ, ಕಣ್ಣು ಇವು ವರ್ಷಗಟ್ಟಲೆ ಸದ್ದಿಲ್ಲದೆ ಹಾಳಾಗುತ್ತವೆ.

ಎರಡನೆಯದು, "ಬಿ.ಪಿ. ನಾರ್ಮಲ್ ಬಂತು, ಈಗ ಆರಾಮ ಅದೀನಿ, ಇನ್ನ ಗುಳಿಗಿ ಯಾಕ ಬೇಕು?" ಎಂಬ ಮಾತು. ನಾರ್ಮಲ್ ಬಂದದ್ದು ಗುಳಿಗೆಯಿಂದಲೇ. ಅಮ್ಲೋಡಿಪಿನ್ ಎಂಬ ಗುಳಿಗೆ ರಕ್ತನಾಳದ ಗೋಡೆಯನ್ನು ಸಡಿಲಿಸುತ್ತದೆ. ಅದು ದೇಹದಲ್ಲಿ ಇರುವಷ್ಟು ದಿನ ಮಾತ್ರ ಈ ಕೆಲಸ ನಡೆಯುತ್ತದೆ. ಕಾಲುವೆಯ ಗೇಟು ಇಳಿಸಿದಾಗ ನೀರು ಹತೋಟಿಗೆ ಬಂತೆಂದು ಗೇಟನ್ನೇ ಕಿತ್ತುಹಾಕಿದರೆ ಏನಾಗುತ್ತದೆ? ಅಟೆನೊಲಾಲ್‌ನಂಥ ಕೆಲವು ಗುಳಿಗೆಗಳನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯ.

ಮೂರನೆಯದು, ಹೇಳಿಕೊಳ್ಳದ ತೊಂದರೆ. ನಮ್ಮ ದಾದಿ ದಿನ ಬಿಟ್ಟು ದಿನ ಗುಳಿಗೆ ನುಂಗುತ್ತಿದ್ದರು. ಪಕ್ಕದಲ್ಲಿ ಕುಳಿತು ಕೇಳಿದಾಗ ಪಾದ ಬಾವು ಬರುತ್ತದೆ ಎಂದರು. ಅದನ್ನು ಡಾಕ್ಟರಿಗೆ ಹೇಳಿದೆವು, ಅವರು ಬೇರೆ ಗುಳಿಗೆ ಬರೆದುಕೊಟ್ಟರು. ಈಗ ಒಂದು ದಿನವೂ ತಪ್ಪಿಸುವುದಿಲ್ಲ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ, ಎನಾಲಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಇಂಥ ತೊಂದರೆಗೆ ಮೊಬೈಲಿನ ಅಲಾರಂ ಮದ್ದಲ್ಲ, ಬೈಗುಳವಂತೂ ಅಲ್ಲವೇ ಅಲ್ಲ.

ನಾಲ್ಕನೆಯದು ನಮ್ಮ ಭಾಗದ ಬದುಕು. ಭತ್ತದ ನಾಟಿ ಹೊತ್ತಿನಲ್ಲಿ ಹೆಣ್ಣುಮಕ್ಕಳು ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಬೆಳಗಿನ ಗುಳಿಗೆ ಮಾಡದಲ್ಲೇ ಉಳಿಯುತ್ತದೆ. ಬೆಂಗಳೂರಿನ ಕಡೆ ಗುಳೆ ಹೋದವರಿಗೆ ತಂದ ಗುಳಿಗೆ ಮುಗಿದ ಮೇಲೆ ಎಲ್ಲಿ ಕೇಳಬೇಕೆಂದು ತಿಳಿಯುವುದಿಲ್ಲ. ಅಂಗಡಿಯಲ್ಲಿ ಬೇರೆ ಕಂಪನಿಯ ಗುಳಿಗೆ ಕೊಟ್ಟರೆ "ಬಣ್ಣ ಬ್ಯಾರೆ ಅದ" ಎಂದು ಬಿಟ್ಟವರೂ ಇದ್ದಾರೆ.

ಅಂದರೆ ಕಾರಣ ಒಬ್ಬೊಬ್ಬರಿಗೆ ಒಂದೊಂದು. ಆದ್ದರಿಂದ "ಗುಳಿಗೆ ತಗೊಂಡ್ರಾ?" ಎಂದು ಗದರಿಸುವ ಬದಲು "ಈ ವಾರ ಎಷ್ಟು ದಿನ ತಪ್ಪಿತು? ಯಾಕೆ ತಪ್ಪಿತು?" ಎಂದು ಮೆಲ್ಲಗೆ ಕೇಳೋಣ. ಉತ್ತರಕ್ಕೆ ತಕ್ಕಂತೆ ಉಪಾಯ ಮಾಡೋಣ:

• ಮರೆವಿದ್ದರೆ ಗುಳಿಗೆಯನ್ನು ದಿನವೂ ತಪ್ಪದ ಒಂದು ಕೆಲಸಕ್ಕೆ ಜೋಡಿಸಿ: ಹಲ್ಲುಜ್ಜಿದ ಮೇಲೆ, ನಮಾಜಿನ ನಂತರ, ರಾತ್ರಿ ರೊಟ್ಟಿ ಉಂಡ ಮೇಲೆ. ನಾಟಿಗೆ ಹೋಗುವವರು ಹೊತ್ತನ್ನು ರಾತ್ರಿಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಲಿ.

• ಓದಲು ಬಾರದವರಿಗೆ ಗುಳಿಗೆಯ ಚೀಟಿಯ ಮೇಲೆ ಸೂರ್ಯ ಅಥವಾ ಚಂದ್ರನ ಗುರುತು ಬರೆದುಕೊಡಿ. ಬಣ್ಣ ಬದಲಾದರೆ ಔಷಧದ ಹೆಸರು, ಮಿಲಿಗ್ರಾಂ ಅದೇ ಇದೆಯೇ ಎಂದು ನೀವೇ ಓದಿ ನೋಡಿ.

• ಗುಳೆ ಹೋಗುವವರಿಗೆ ಸಾಧ್ಯವಾದಷ್ಟು ದಿನದ ಗುಳಿಗೆ ಕೊಡಿಸಿ, ಡಾಕ್ಟರ ಚೀಟಿಯ ಫೋಟೊ ಅವರ ಮೊಬೈಲಿನಲ್ಲಿ ಇಡಿ.

• ರಂಜಾನ್‌ಗೆ ಎರಡು-ಮೂರು ವಾರ ಮೊದಲೇ ಡಾಕ್ಟರನ್ನು ಕಾಣಿಸಿ. ದಿನಕ್ಕೊಂದೇ ಗುಳಿಗೆ ಇರುವ ಬಹಳ ಜನರಿಗೆ ಅದನ್ನು ಸಹರಿ ಅಥವಾ ಇಫ್ತಾರ್ ಹೊತ್ತಿಗೆ ಬದಲಿಸಲು ಆಗುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆ ಇರುವವರಿಗೆ ಬಿಸಿಲುಗಾಲದ ಉಪವಾಸದಲ್ಲಿ ಮೈಯ ನೀರು ಕಡಿಮೆಯಾಗುವ ಅಪಾಯವಿದೆ. ಕಾಯಿಲೆಯವರಿಗೆ ರೋಜಾದಲ್ಲಿ ರಿಯಾಯಿತಿ ಇರುವುದನ್ನೂ ಹಿರಿಯರಿಗೆ ನೆನಪಿಸಿ.

• ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬಾರದು. ಗುಳಿಗೆ ಬದಲಿಸುವುದು, ನಿಲ್ಲಿಸುವುದು ಡಾಕ್ಟರ ಕೆಲಸ. ಕಾರಣ ತಿಳಿದು ಅವರಿಗೆ ಮುಟ್ಟಿಸುವುದು ನಮ್ಮ ಕೆಲಸ.

• ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚೆಯೊಳಗೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿಯ ಉಪ್ಪೂ ಈ ಲೆಕ್ಕದಲ್ಲೇ ಬರುತ್ತದೆ. ಉಪ್ಪು ಬಿಟ್ಟೆವೆಂದು ಗುಳಿಗೆ ಬಿಡುವಂತಿಲ್ಲ.

ಈ ಕೆಲಸದಲ್ಲಿ ನಾವು ಒಂಟಿಯಲ್ಲ. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವು ಸರಳ ಚಿಕಿತ್ಸಾ ಕ್ರಮ, ಒಮ್ಮೆಗೆ ಕನಿಷ್ಠ 30 ದಿನದ ಗುಳಿಗೆ, ಮನೆಗೆ ಹತ್ತಿರದ ಕೇಂದ್ರದಲ್ಲೇ ತಪಾಸಣೆ ಎಂಬ ದಾರಿ ಹಿಡಿಯಿತು. ಕರ್ನಾಟಕ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭಿಸಿದ 'ಗೃಹ ಆರೋಗ್ಯ' ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಬಿ.ಪಿ., ಶುಗರ್ ನೋಡುತ್ತಾರೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗೆ ಹೋದರೆ ಎನ್.ಸಿ.ಡಿ. ಕ್ಲಿನಿಕ್ ಎಲ್ಲಿದೆ ಎಂದು ಕೇಳಿ. ಕೊಂಡುಕೊಳ್ಳುವವರಿಗೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ಒಂದು ಎಚ್ಚರಿಕೆ: ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ ಗುಳಿಗೆ ಹುಡುಕುತ್ತ ಕೂಡಬೇಡಿ. ಆ ಕ್ಷಣವೇ 108ಕ್ಕೆ ಫೋನ್ ಮಾಡಿ.

ಈ ಭಾನುವಾರ ಮನೆಯ ಹಿರಿಯರ ಗುಳಿಗೆ ಚೀಟಿಯನ್ನು ಒಮ್ಮೆ ಎಣಿಸಿ ನೋಡಿ. ಇರಬೇಕಾದದ್ದಕ್ಕಿಂತ ಹೆಚ್ಚು ಉಳಿದಿದ್ದರೆ ಬೈಯದೆ ಪಕ್ಕದಲ್ಲಿ ಕುಳಿತು ಯಾಕೆಂದು ಕೇಳಿ.